ಜಾಲಪುಟದಲ್ಲಿ ಅಕ್ಷರದ ಒಡಲೂ ಉಡುಗೆಯೂ

೧

ಗ್ರಂಥವು ಅಚ್ಚಾಗುವಲ್ಲಿ ಕರ್ತೃವಿನ ಕೈಬರಹಕ್ಕೂ ವಾಚಕನ ಕಣ್ಣಿಗೂ ನಡುವೆ ಮುದ್ರಣಕಾರನೊಬ್ಬನಿರುವನು. ಯಾವ ಅಳತೆಯ ಮೊಳೆಯನ್ನು ಜೋಡಿಸಬೇಕು, ತಲೆಬರಹವನ್ನು ಎಷ್ಟು ದಪ್ಪವಾಗಿಡಬೇಕು, ಪಂಕ್ತಿಗಳ ನಡುವೆ ಎಷ್ಟು ತೆರಪು ಬಿಡಬೇಕು ಎಂಬಿವನ್ನೆಲ್ಲ ಅವನು ಅಚ್ಚುಕೂಟದಲ್ಲಿಯೇ ನಿಶ್ಚಯಿಸುವನು. ಕಾಗದದ ಮೇಲೆ ಮಸಿ ಬಿದ್ದ ಬಳಿಕ ಆ ನಿಶ್ಚಯವು ಬದಲಾಗತಕ್ಕುದಲ್ಲ. ಮಡಿಕೇರಿಯಲ್ಲಿ ಓದುವವನಿಗೂ ಬೀದರಿನಲ್ಲಿ ಓದುವವನಿಗೂ, ಕಣ್ಣು ಚುರುಕಾಗಿರುವ ತರುಣನಿಗೂ ಕನ್ನಡಕ ಬೇಕಾದ ಮುದುಕನಿಗೂ ಕಾಣುವುದು ಒಂದೇ ಪುಟ.

ಜಾಲಪುಟದ ಸ್ಥಿತಿ ಹೀಗಿಲ್ಲ. ಗಣಕಯಂತ್ರಗಳ ವಿಶ್ವವ್ಯಾಪಿ ಜಾಲದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿ ಬರುವುದು ಪುಟದ ಮಾತೇ ಹೊರತು ಪುಟದ ಪಡಿಯಚ್ಚಲ್ಲ. ಅದು ವಾಚಕನ ಯಂತ್ರವನ್ನು ಮುಟ್ಟಿದ ಮೇಲೆ, ಅಲ್ಲಿರುವ ಬ್ರೌಸರ್ ಎಂಬ ತಂತ್ರಾಂಶವು ಆ ಮಾತಿಗೆ ಅಕ್ಷರರೂಪವನ್ನು ತೊಡಿಸಿ ತೆರೆಯ ಮೇಲೆ ನಿಲ್ಲಿಸುವುದು. ಎಂದರೆ ಪ್ರತಿಯೊಂದು ಓದೂ ಒಂದು ಹೊಸ ಮುದ್ರಣವೇ ಸರಿ. ವಾಚಕನ ಮನೆಯೇ ಅಚ್ಚುಕೂಟ. ಹೀಗಿರುವಲ್ಲಿ ಅಕ್ಷರದ ಉಡುಗೆಯನ್ನು ನಿಶ್ಚಯಿಸುವ ಅಧಿಕಾರವು ಯಾರದು? ಬರೆದವನದೋ, ಓದುವವನದೋ, ನಡುವೆ ನಿಂತ ಯಂತ್ರದ್ದೋ? ಅದಕ್ಕೂ ಮೊದಲಿನ ಪ್ರಶ್ನೆಯೊಂದುಂಟು: ಬರಹದಲ್ಲಿ ಒಡಲು ಯಾವುದು, ಉಡುಗೆ ಯಾವುದು? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿದ ಪ್ರಯತ್ನದ ಚರಿತ್ರೆಯೇ ಸಿ.ಎಸ್.ಎಸ್. ಎಂದು ಹೆಸರಾದ ಶೈಲಿಪತ್ರಗಳ ಚರಿತ್ರೆ. ಇಂಗ್ಲಿಷಿನ ಮಟ್ಟಿಗೆ ಅದು ಬಹುಮಟ್ಟಿಗೆ ಅಂದಚಂದಗಳ ವಿಷಯವಾಗಿದ್ದಿತು. ಕನ್ನಡಕ್ಕಾದರೋ ಅದು ಬರಹದ ಅಳಿವು ಉಳಿವುಗಳ ವಿಷಯವಾಯಿತು.

೨

ಬರಹದ ಅಂಗಗಳನ್ನು ಅವುಗಳ ರೂಪದಿಂದ ಬೇರ್ಪಡಿಸಿ ಗುರುತಿಸಬೇಕೆಂಬ ವಿಚಾರವು ಜಾಲಕ್ಕಿಂತ ಹಳೆಯದು. ೧೯೬೯ರಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಎಂಬಾತನು ತನ್ನ ಸಂಗಡಿಗರೊಡನೆ ಇಂತಹ ಗುರುತುಗಳ ಪದ್ಧತಿಯೊಂದನ್ನು ಆರಂಭಿಸಿದನು. ಅದು ಬೆಳೆದು ೧೯೮೬ರಲ್ಲಿ ಎಸ್.ಜಿ.ಎಂ.ಎಲ್. ಎಂಬ ಹೆಸರಿನಿಂದ ಅಂತಾರಾಷ್ಟ್ರೀಯ ಪ್ರಮಾಣವಾಯಿತು. ಆ ಪದ್ಧತಿಯಲ್ಲಿ ಬರೆಯುವವನು ‘ಇದು ತಲೆಬರಹ’, ‘ಇದು ಪರಿಚ್ಛೇದ’, ‘ಇದು ಪಟ್ಟಿ’ ಎಂದು ಗುರುತು ಹಾಕುವನೇ ವಿನಾ ‘ಇದನ್ನು ದಪ್ಪ ಮೊಳೆಯಲ್ಲಿ ಹಾಕು’ ಎಂದು ಹೇಳುವುದಿಲ್ಲ.

ಸ್ವಿಟ್ಜರ್‌ಲೆಂಡಿನ ಗಡಿಯಲ್ಲಿರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್ ಲೀ ೧೯೮೯ರಲ್ಲಿ ಜಾಲದ ಮೊದಲ ಸೂಚನೆಯನ್ನು ಬರೆದನು. ಮರುವರ್ಷ ಮೊದಲನೆಯ ಬ್ರೌಸರನ್ನೂ ರಚಿಸಿದನು. ಪುಟಗಳನ್ನು ಬರೆಯುವುದಕ್ಕೆ ಅವನು ಎಸ್.ಜಿ.ಎಂ.ಎಲ್.ನ ಮಾದರಿಯಲ್ಲಿಯೇ ಎಚ್.ಟಿ.ಎಂ.ಎಲ್. ಎಂಬ ಸರಳವಾದ ಗುರುತುಭಾಷೆಯನ್ನು ಕಲ್ಪಿಸಿದನು. ಆರು ಅಂತಸ್ತಿನ ತಲೆಬರಹಗಳು, ಪರಿಚ್ಛೇದ, ಪಟ್ಟಿ, ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ, ಇಂತಹ ಕೆಲವೇ ಗುರುತುಗಳು ಅದರಲ್ಲಿದ್ದುವು. ಅಕ್ಷರದ ರೂಪವನ್ನು ಗೊತ್ತುಮಾಡುವ ಶೈಲಿಪತ್ರವು ಅವನ ಬ್ರೌಸರಿನೊಳಗೇ ಅಡಗಿದ್ದಿತು. ಪುಟದ ಜೊತೆಗೆ ಅದನ್ನು ಕಳುಹಿಸುವ ಮಾರ್ಗವಿರಲಿಲ್ಲ. ವಿಜ್ಞಾನಿಗಳು ತಮ್ಮ ಪ್ರಬಂಧಗಳನ್ನು ಪರಸ್ಪರ ಹಂಚಿಕೊಳ್ಳುವುದೊಂದೇ ಉದ್ದೇಶವಾಗಿದ್ದಾಗ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಬರಹವು ಕರ್ತೃವಿನದು, ರೂಪವು ಓದುವ ಯಂತ್ರದ್ದು ಎಂಬುದು ಅಂದಿನ ಅಲಿಖಿತ ನಿಯಮವಾಗಿದ್ದಿತು.

೩

೧೯೯೩ರಲ್ಲಿ ಮೊಸಾಯಿಕ್ ಎಂಬ ಬ್ರೌಸರು ಹೊರಬಿದ್ದು, ಸಾಮಾನ್ಯ ಜನರೂ ವ್ಯಾಪಾರಿಗಳೂ ಪತ್ರಿಕೆಗಳೂ ಜಾಲವನ್ನು ಪ್ರವೇಶಿಸಿದಾಗ ಈ ನಿಯಮವು ಅಲುಗಿತು. ಕಾಗದದ ಮೇಲೆ ಪ್ರತಿಯೊಂದು ಅಕ್ಷರದ ನಿಲುವನ್ನೂ ಗೊತ್ತುಮಾಡಿ ಅಭ್ಯಾಸವಾಗಿದ್ದವರಿಗೆ, ತಮ್ಮ ಪುಟವು ಪರರ ಯಂತ್ರದಲ್ಲಿ ಹೇಗೆ ಕಾಣುವುದೆಂಬುದೇ ತಿಳಿಯದ ಈ ಸ್ಥಿತಿಯು ಸಹ್ಯವಾಗಲಿಲ್ಲ. ಶೈಲಿಯನ್ನು ಬೇರೊಂದು ಪತ್ರದಲ್ಲಿ ಬರೆದು ಪುಟದೊಡನೆ ಕಳುಹಿಸಬಹುದೆಂದು ಸೂಚಿಸಿದವರು ಅಂದು ಇಲ್ಲದಿರಲಿಲ್ಲ. ೧೯೯೨ರಲ್ಲಿ ಪೈ ಯುವಾನ್ ವೈ ಎಂಬಾತನ ವಯೋಲ ಬ್ರೌಸರಿನಲ್ಲಿ ತಕ್ಕಮಟ್ಟಿನ ಶೈಲಿಪತ್ರವೊಂದಿದ್ದಿತು. ೧೯೯೩ರ ಜೂನ್ ತಿಂಗಳಲ್ಲಿ ರಾಬರ್ಟ್ ರೇಷ್ ಎಂಬಾತನು ಇನ್ನೊಂದು ಸೂಚನೆಯನ್ನು ಮುಂದಿಟ್ಟನು. ಆದರೆ ಅವು ನೆಲೆಗೊಳ್ಳಲಿಲ್ಲ.

ಅಷ್ಟರಲ್ಲಿ ಬ್ರೌಸರುಗಳನ್ನು ಮಾಡುವ ಸಂಸ್ಥೆಗಳು ಅಡ್ಡದಾರಿಯನ್ನು ತೆರೆದುವು. ನೆಟ್‌ಸ್ಕೇಪ್ ಸಂಸ್ಥೆಯು ಫಾಂಟ್ ಎಂಬ ಗುರುತನ್ನು ಎಚ್.ಟಿ.ಎಂ.ಎಲ್.ಗೆ ಸೇರಿಸಿತು. ಅಚ್ಚುಕೂಟದಲ್ಲಿ ಮೊಳೆಗಳ ಒಂದು ಜೊತೆ ಎನಿಸುವುದಕ್ಕೆ ಗಣಕದಲ್ಲಿ ಫಾಂಟ್ ಎಂದು ಹೆಸರು. ಆ ಗುರುತಿನಿಂದ ಬರಹದ ನಡುವೆಯೇ ಅಕ್ಷರದ ಗಾತ್ರವನ್ನು ಹೇಳಬಹುದಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರು ೧೯೯೫ರಲ್ಲಿ ಫಾಂಟಿನ ಹೆಸರನ್ನು ಹೇಳುವುದಕ್ಕೂ ಅವಕಾಶ ಕೊಟ್ಟಿತು. ಪರಿಣಾಮವೇನಾಯಿತೆಂದರೆ, ನೂರು ತಲೆಬರಹಗಳಿದ್ದಲ್ಲಿ ನೂರು ಸಲವೂ ‘ಇದು ಇಂತಹ ಫಾಂಟಿನಲ್ಲಿ, ಇಷ್ಟು ದೊಡ್ಡದಾಗಿ, ಇಂತಹ ಬಣ್ಣದಲ್ಲಿ’ ಎಂದು ಬರೆಯಬೇಕಾಯಿತು. ಬಣ್ಣವೊಂದನ್ನು ಬದಲಿಸಬೇಕಾದರೆ ನೂರು ಕಡೆಗಳಲ್ಲಿಯೂ ತಿದ್ದಬೇಕಾಯಿತು. ತಲೆಬರಹವನ್ನು ತಲೆಬರಹವೆಂದು ಗುರುತಿಸದೆ ಬರಿಯ ದಪ್ಪಕ್ಷರವೆಂದು ಗುರುತಿಸುವ ಅಭ್ಯಾಸವು ಹರಡಿತು. ಅಂಧರಿಗೆ ಪುಟವನ್ನು ಓದಿ ಹೇಳುವ ಯಂತ್ರಕ್ಕೆ ದಪ್ಪಕ್ಷರದಿಂದ ಏನೂ ತಿಳಿಯುವಂತಿರಲಿಲ್ಲ. ತಮಗೆ ಬೇಕಾದ ಫಾಂಟು ವಾಚಕನಲ್ಲಿ ಇರದೆಂಬ ಭಯದಿಂದ ಕೆಲವರು ಮಾತನ್ನೇ ಚಿತ್ರವಾಗಿ ಮಾಡಿ ಪುಟದಲ್ಲಿ ಅಂಟಿಸತೊಡಗಿದರು. ಉಡುಗೆಯನ್ನು ಒಡಲಿಗೇ ಸೇರಿಸಿ ಹೊಲಿದಂತಾಯಿತು.

೪

೧೯೯೪ರ ಅಕ್ಟೋಬರ್ ೧೦ರಂದು, ನೆಟ್‌ಸ್ಕೇಪಿನ ಹೊಸ ಬ್ರೌಸರು ಪ್ರಕಟವಾಗುವುದಕ್ಕೆ ಮೂರು ದಿನಗಳ ಮುಂಚೆ, ಸರ್ನ್‌ನಲ್ಲಿದ್ದ ಹೋಕುನ್ ವಿಯುಂ ಲೀ ಎಂಬ ನಾರ್ವೆಯ ತರುಣನು ‘ಕ್ಯಾಸ್ಕೇಡಿಂಗ್ ಎಚ್.ಟಿ.ಎಂ.ಎಲ್. ಸ್ಟೈಲ್ ಶೀಟ್ಸ್’ ಎಂಬ ಸೂಚನೆಯನ್ನು ಪ್ರಕಟಿಸಿದನು. ಅದೇ ಕಾಲದಲ್ಲಿ ನೆದರ್‌ಲೆಂಡಿನ ಬರ್ಟ್ ಬೋಸ್ ಎಂಬಾತನು ಆರ್ಗೋ ಎಂಬ ಬ್ರೌಸರನ್ನು ರಚಿಸುತ್ತ, ಅದಕ್ಕಾಗಿ ಬೇರೊಂದು ಶೈಲಿಪತ್ರ ಪದ್ಧತಿಯನ್ನು ಯೋಜಿಸುತ್ತಿದ್ದನು. ಇಬ್ಬರೂ ತಮ್ಮ ತಮ್ಮ ಯೋಜನೆಗಳನ್ನು ಬದಿಗಿಟ್ಟು ಒಂದನ್ನೇ ಕೂಡಿ ಬೆಳೆಸಲು ಒಪ್ಪಿದುದು ಈ ಚರಿತ್ರೆಯ ಭಾಗ್ಯವೆನ್ನಬೇಕು. ೧೯೯೫ರ ಏಪ್ರಿಲಿನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ಪಟ್ಟಣದಲ್ಲಿ ಕೂಡಿದ ಜಾಲ ಸಮ್ಮೇಳನದಲ್ಲಿ ಶೈಲಿಪತ್ರಗಳನ್ನು ಬಳಸುವ ಬ್ರೌಸರುಗಳನ್ನು ಇಬ್ಬರೂ ಪ್ರದರ್ಶಿಸಿದರು.

ಈ ಪದ್ಧತಿಯ ವ್ಯಾಕರಣವು ಸುಲಭವಾದುದು. ಪ್ರತಿಯೊಂದು ಸೂತ್ರಕ್ಕೂ ಎರಡು ಭಾಗಗಳುಂಟು: ಯಾವ ಅಂಗಕ್ಕೆ ಎಂಬುದು ಒಂದು, ಯಾವ ಗುಣಕ್ಕೆ ಯಾವ ಬೆಲೆ ಎಂಬುದು ಇನ್ನೊಂದು. ‘ಎಲ್ಲ ತಲೆಬರಹಗಳಿಗೂ ಅಕ್ಷರದ ಬಣ್ಣ ಕೆಂಪು’ ಎಂದು ಒಮ್ಮೆ ಬರೆದರೆ ಸಾವಿರ ಪುಟಗಳ ತಲೆಬರಹಗಳೂ ಕೆಂಪಾಗುವುವು. ತಂದೆಯ ಗುಣವು ಮಕ್ಕಳಿಗೆ ಇಳಿಯುವಂತೆ, ಇಡೀ ಪುಟಕ್ಕೆ ಹೇಳಿದ ಫಾಂಟು ಅದರೊಳಗಿನ ಪರಿಚ್ಛೇದಕ್ಕೂ ಪರಿಚ್ಛೇದದೊಳಗಿನ ಪದಕ್ಕೂ ಇಳಿದು ಬರುವುದು. ಬೇರೆ ವಿಧಿಯಿದ್ದಲ್ಲಿ ಮಾತ್ರ ನಿಲ್ಲುವುದು.

ಹೆಸರಿನಲ್ಲಿರುವ ‘ಕ್ಯಾಸ್ಕೇಡ್’ ಎಂಬುದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಧುಮುಕುವ ಜಲಪಾತ. ಬ್ರೌಸರಿನ ಶೈಲಿಪತ್ರ, ವಾಚಕನ ಶೈಲಿಪತ್ರ, ಕರ್ತೃವಿನ ಶೈಲಿಪತ್ರ ಎಂಬ ಮೂರು ಒಂದಾದಮೇಲೊಂದು ಬಂದು ಕೂಡಬೇಕೆಂಬುದೇ ಲೀಯ ಮುಖ್ಯ ಕಲ್ಪನೆ. ಪರಸ್ಪರ ವಿರೋಧ ಬಂದಲ್ಲಿ ಯಾರ ಮಾತು ನಡೆಯಬೇಕು? ಮೊದಲ ಸೂಚನೆಯಲ್ಲಿ ಲೀ ಇದಕ್ಕೆ ವಿಚಿತ್ರವಾದ ಪರಿಹಾರವನ್ನು ಹೇಳಿದ್ದನು: ಪ್ರತಿಯೊಂದು ವಿಧಿಯ ಮುಂದೆಯೂ ಅದರ ಬಲವನ್ನು ನೂರಕ್ಕೆ ಇಷ್ಟೆಂದು ಬರೆಯುವುದು. ಈ ಲೆಕ್ಕವು ಬಳಕೆಗೆ ಬರಲಿಲ್ಲ. ಸಾಮಾನ್ಯವಾಗಿ ಕರ್ತೃವಿನ ಮಾತು ನಡೆಯತಕ್ಕುದೆಂದೂ, ಯಾರಾದರೂ ತಮ್ಮ ವಿಧಿಯನ್ನು ‘ಮುಖ್ಯ’ವೆಂದು ಗುರುತಿಸಿದರೆ ಅದಕ್ಕೆ ಹೆಚ್ಚಿನ ಬಲವೆಂದೂ ಗೊತ್ತಾಯಿತು. ಇಬ್ಬರೂ ಮುಖ್ಯವೆಂದರೆ? ೧೯೯೬ರ ಮೊದಲ ಪ್ರಮಾಣದಲ್ಲಿ ಕರ್ತೃವೇ ಗೆಲ್ಲುತ್ತಿದ್ದನು. ೧೯೯೮ರ ಎರಡನೆಯ ಪ್ರಮಾಣದಲ್ಲಿ ಈ ತೀರ್ಪನ್ನು ತಿರುಗಿಸಿ, ಕೊನೆಯ ಮಾತು ವಾಚಕನದೆಂದು ವಿಧಿಸಲಾಯಿತು. ಮಂದದೃಷ್ಟಿಯವನಿಗೆ ದೊಡ್ಡಕ್ಷರ ಬೇಕಾದರೆ ಬರೆದವನ ಸೌಂದರ್ಯಾಭಿರುಚಿಯು ಅದಕ್ಕೆ ಅಡ್ಡಬರಕೂಡದೆಂಬುದೇ ಇದರ ತಾತ್ಪರ್ಯ. ಮುದ್ರಣದ ದೀರ್ಘ ಚರಿತ್ರೆಯಲ್ಲಿ ವಾಚಕನಿಗೆ ಇಂತಹ ಹಕ್ಕು ದೊರೆತುದು ಇದೇ ಮೊದಲು.

೫

೧೯೯೬ರ ಡಿಸೆಂಬರ್ ೧೭ರಂದು ಡಬ್ಲ್ಯೂ ತ್ರೀ ಕನ್ಸೋರ್ಷಿಯಂ ಎಂಬ ಪ್ರಮಾಣಸಂಸ್ಥೆಯು ಮೊದಲನೆಯ ಸಿ.ಎಸ್.ಎಸ್. ಪ್ರಮಾಣವನ್ನು ಹೊರಡಿಸಿತು. ಅದರಲ್ಲಿದ್ದ ಗುಣಗಳು ಸುಮಾರು ೫೦. ಇನ್ನೂ ಒಂದು ತಿಂಗಳು ತುಂಬುವ ಮೊದಲೇ, ೧೯೯೭ರ ಜನವರಿಯಲ್ಲಿ, ಅದೇ ಸಂಸ್ಥೆಯು ಬಳಕೆಗೆ ಮಣಿದು ಫಾಂಟ್ ಗುರುತನ್ನೂ ಎಚ್.ಟಿ.ಎಂ.ಎಲ್. ಪ್ರಮಾಣದಲ್ಲಿ ಸೇರಿಸಿಕೊಳ್ಳಬೇಕಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಬಂದ ನಾಲ್ಕನೆಯ ಆವೃತ್ತಿಯು ಅದನ್ನು ತ್ಯಾಜ್ಯವೆಂದು ಸಾರಿತಾದರೂ ಬಳಕೆ ಥಟ್ಟನೆ ನಿಲ್ಲಲಿಲ್ಲ.

ಹೊಸ ಪ್ರಮಾಣವನ್ನು ಬ್ರೌಸರುಗಳು ಸರಿಯಾಗಿ ಪಾಲಿಸದಿದ್ದುದೇ ಇದಕ್ಕೆ ಮುಖ್ಯ ಕಾರಣ. ೧೯೯೬ರ ಇಂಟರ್ನೆಟ್ ಎಕ್ಸ್‌ಪ್ಲೋರರ್ ೩ ಅದರ ಕೆಲವಂಶವನ್ನು ಮಾತ್ರ ಅರಿತಿದ್ದಿತು. ನೆಟ್‌ಸ್ಕೇಪ್ ತನ್ನದೇ ಬೇರೊಂದು ಶೈಲಿಪದ್ಧತಿಯನ್ನು ನೆಚ್ಚಿದ್ದುದರಿಂದ, ೧೯೯೭ರ ಅದರ ನಾಲ್ಕನೆಯ ಬ್ರೌಸರಿನಲ್ಲಿ ಸಿ.ಎಸ್.ಎಸ್. ಕುಂಟುತ್ತಿದ್ದಿತು. ಒಂದೇ ಸೂತ್ರವು ಒಂದರಲ್ಲಿ ಒಂದು ಬಗೆಯಾಗಿಯೂ ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿಯೂ ಕಾಣುತ್ತಿದ್ದಿತು. ೧೯೯೮ರಲ್ಲಿ ಪುಟ ರಚಿಸುವವರೇ ಕೆಲವರು ಕೂಡಿ ‘ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್’ ಎಂಬ ಕೂಟವನ್ನು ಕಟ್ಟಿ, ಪ್ರಮಾಣವನ್ನು ಪಾಲಿಸಿರೆಂದು ಸಂಸ್ಥೆಗಳನ್ನು ಒತ್ತಾಯಿಸಿದರು. ೨೦೦೦ದ ಮಾರ್ಚಿಯಲ್ಲಿ ಮ್ಯಾಕಿಂಟಾಷ್ ಯಂತ್ರಗಳಿಗಾಗಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ ೫ರಲ್ಲಿ ಮೊದಲ ಪ್ರಮಾಣವು ಹೆಚ್ಚುಕಡಮೆ ಪೂರ್ಣವಾಗಿ ನೆರವೇರಿತು. ೨೦೦೩ರಲ್ಲಿ ಕೆನಡದ ಡೇವ್ ಷೇ ಎಂಬಾತನು ‘ಸಿ.ಎಸ್.ಎಸ್. ಝೆನ್ ಗಾರ್ಡನ್’ ಎಂಬ ಜಾಲತಾಣವನ್ನು ತೆರೆದು, ಒಂದೇ ಪುಟದ ಒಂದಕ್ಷರವನ್ನೂ ಬದಲಿಸದೆ ಶೈಲಿಪತ್ರವೊಂದನ್ನೇ ಬದಲಿಸಿ ಹೊಸ ಹೊಸ ರೂಪಗಳನ್ನು ಕೊಡಿರೆಂದು ಕಲಾವಿದರನ್ನು ಆಹ್ವಾನಿಸಿದನು. ಬಂದ ರೂಪಗಳನ್ನು ನೋಡಿದವರಿಗೆ ಅವೆಲ್ಲವೂ ಒಂದೇ ಬರಹವೆಂದು ನಂಬುವುದು ಕಷ್ಟವಾಯಿತು. ಒಡಲೂ ಉಡುಗೆಯೂ ಬೇರೆಯೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಕಾಗಿರಲಿಲ್ಲ.

೬

ಇಷ್ಟಾದರೂ ಅಕ್ಷರದ ವಿಷಯದಲ್ಲಿ ದೊಡ್ಡ ಕೊರತೆಯೊಂದು ಉಳಿದಿದ್ದಿತು. ಶೈಲಿಪತ್ರದಲ್ಲಿ ಫಾಂಟಿನ ಹೆಸರನ್ನು ಬರೆಯಬಹುದಾಗಿದ್ದಿತೇ ಹೊರತು ಫಾಂಟನ್ನೇ ಕಳುಹಿಸುವಂತಿರಲಿಲ್ಲ. ಆ ಹೆಸರಿನದು ವಾಚಕನ ಯಂತ್ರದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದಕ್ಕಾಗಿಯೇ ‘ಫಾಂಟ್-ಫ್ಯಾಮಿಲಿ’ ಎಂಬ ಗುಣಕ್ಕೆ ಹೆಸರುಗಳ ಪಟ್ಟಿಯನ್ನು ಕೊಡುವ ಏರ್ಪಾಡಾಯಿತು: ಮೊದಲನೆಯದಿಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು, ಕಡೆಗೆ ಕುಚ್ಚುಳ್ಳದ್ದು, ಕುಚ್ಚಿಲ್ಲದ್ದು, ಸಮಾನ ಅಗಲದ್ದು ಎಂಬಂತಹ ಐದು ಸಾಮಾನ್ಯ ಜಾತಿಗಳಲ್ಲಿ ಒಂದು.

ಮೈಕ್ರೋಸಾಫ್ಟ್ ೧೯೯೬ರಲ್ಲಿ ಕೆಲವು ಫಾಂಟುಗಳನ್ನು ಉಚಿತವಾಗಿ ಹಂಚತೊಡಗಿತು. ೨೦೦೨ರವರೆಗೂ ಈ ಹಂಚಿಕೆ ನಡೆಯಿತು. ಅವುಗಳಲ್ಲಿ ಮ್ಯಾಥ್ಯೂ ಕಾರ್ಟರ್ ರಚಿಸಿದ ವರ್ಡಾನ ಮತ್ತು ಜಾರ್ಜಿಯ ಎಂಬುವು ಮುಖ್ಯವಾದುವು. ಕಾರ್ಟರನು ತಾರುಣ್ಯದಲ್ಲಿ ಹಾರ್ಲೆಮ್ ಪಟ್ಟಣದ ಎನ್‌ಸ್ಕೆಡೆ ಅಚ್ಚುಕೂಟದಲ್ಲಿ ಉಕ್ಕಿನ ಮೇಲೆ ಕೈಯಿಂದ ಅಕ್ಷರ ಕೊರೆಯುವುದನ್ನು ಕಲಿತವನು. ಅಂತಹವನು ತೆರೆಗಾಗಿ ಅಕ್ಷರವನ್ನು ರಚಿಸುವಾಗ, ಮೊದಲು ತೆರೆಯ ಚುಕ್ಕಿಗಳಲ್ಲಿ ರೂಪವನ್ನು ಗೊತ್ತುಮಾಡಿ ಆಮೇಲೆ ಅದರ ಸುತ್ತ ಗೆರೆಯೆಳೆದನು. ಯಾವ ವಸ್ತುವಿನಲ್ಲಿ ಅಕ್ಷರವು ಮೂಡಬೇಕೋ ಅದರ ಸ್ವಭಾವವನ್ನು ಮೊದಲು ಅರಿಯಬೇಕೆಂಬ ಕಮ್ಮಟದ ಪಾಠವೇ ಇಲ್ಲಿಯೂ ನಡೆಯಿತು.

ಫಾಂಟನ್ನೇ ಪುಟದೊಡನೆ ಕಳುಹಿಸುವ ‘ಫಾಂಟ್-ಫೇಸ್’ ಎಂಬ ವಿಧಿಯು ೧೯೯೮ರ ಎರಡನೆಯ ಪ್ರಮಾಣದಲ್ಲಿ ಬಂದಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದಕ್ಕೆ ಒಂದು ವರ್ಷ ಮುಂಚೆಯೇ ಇ.ಒ.ಟಿ. ಎಂಬ ತನ್ನದೇ ರೀತಿಯ ಫಾಂಟುಕಡತವನ್ನು ಒಪ್ಪುತ್ತಿದ್ದಿತು. ನೆಟ್‌ಸ್ಕೇಪ್ ಬಿಟ್‌ಸ್ಟ್ರೀಮ್ ಸಂಸ್ಥೆಯ ಇನ್ನೊಂದು ರೀತಿಯನ್ನು ಒಪ್ಪುತ್ತಿದ್ದಿತು. ಒಂದನ್ನು ಇನ್ನೊಂದು ಅರಿಯದು. ಕಳುಹಿಸಿದ ಫಾಂಟನ್ನು ಜನರು ಕದ್ದು ಬಳಸುವರೆಂಬ ಶಂಕೆಯು ಫಾಂಟು ಮಾಡುವವರಲ್ಲಿ ಬಲವಾಗಿದ್ದಿತು. ಹೀಗಾಗಿ ಹತ್ತು ವರ್ಷ ಈ ವಿಧಿಯು ನಿದ್ರಿಸಿತು. ೨೦೦೮ರಲ್ಲಿ ಸಫಾರಿ ಬ್ರೌಸರೂ ೨೦೦೯ರಲ್ಲಿ ಫೈರ್‌ಫಾಕ್ಸೂ ಸಾಮಾನ್ಯ ಫಾಂಟುಕಡತಗಳನ್ನೇ ಒಪ್ಪಿದ ಮೇಲೆ ಅದು ಎಚ್ಚತ್ತಿತು. ಜೋನಾಥನ್ ಕ್ಯೂ, ಟಾಲ್ ಲೆಮಿಂಗ್, ಎರಿಕ್ ಫಾನ್ ಬ್ಲೊಕ್‌ಲಾಂಡ್ ಎಂಬ ಮೂವರು ವಾಫ್ ಎಂಬ ರಾಜಿಯ ಕಡತರೂಪವನ್ನು ರಚಿಸಿದರು. ಬೀಗಮುದ್ರೆಯಿಲ್ಲದೆ, ಆದರೆ ಸಂಕುಚಿತವಾಗಿ, ರಚಿಸಿದವರ ಹೆಸರು ಹಕ್ಕುಗಳನ್ನು ಒಳಗೊಂಡು ಸಾಗುವ ಆ ರೂಪವು ೨೦೧೨ರ ಡಿಸೆಂಬರಿನಲ್ಲಿ ಪ್ರಮಾಣವಾಯಿತು.

೭

ಇಂಗ್ಲಿಷ್ ಪುಟಕ್ಕೆ ಫಾಂಟು ದೊರೆಯದಿದ್ದರೆ ಆಗುವ ನಷ್ಟವು ಅಲ್ಪ. ಜಾರ್ಜಿಯ ಇರಬೇಕಾದಲ್ಲಿ ಟೈಮ್ಸ್ ಬಂದೀತು, ಮಾತಂತೂ ಓದಬರುವುದು. ಕನ್ನಡ ಪುಟದ ಗತಿ ಹಾಗಿರಲಿಲ್ಲ. ಅದನ್ನು ತಿಳಿಯಬೇಕಾದರೆ ಅಂದಿನ ಕನ್ನಡ ಫಾಂಟುಗಳ ಒಳಗುಟ್ಟನ್ನು ಅರಿಯಬೇಕು.

ಗಣಕಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ರೋಮನ್ ಲಿಪಿಯ ಇಂತಹ ಅಕ್ಷರಕ್ಕೆ ಇಂತಹ ಸಂಖ್ಯೆಯೆಂಬುದು ಬಹುಹಿಂದೆಯೇ ಗೊತ್ತಾಗಿದ್ದಿತು. ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ಪ್ರಮಾಣವು ೧೯೯೧ರಲ್ಲಿ ಬಂದಿತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಕೋಷ್ಠವು ದೊರೆಯಿತು. ಆದರೆ ಮನೆಮನೆಯ ಯಂತ್ರಗಳು ಇವನ್ನು ಅರಿತಿರಲಿಲ್ಲ. ಕನ್ನಡವನ್ನು ತೆರೆಯ ಮೇಲೆ ತರಬೇಕೆಂಬ ಆತುರವಿದ್ದವರು ಬೇರೊಂದು ಉಪಾಯವನ್ನು ಹಿಡಿದರು: ರೋಮನ್ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡು, ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದು ಫಾಂಟು ಮಾಡಿದರು. ೧೯೯೮ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಮೊದಲಾದ ತಂತ್ರಾಂಶಗಳು ಈ ಮಾರ್ಗದಲ್ಲಿಯೇ ಕನ್ನಡಿಗರಿಗೆ ಗಣಕದಲ್ಲಿ ಬರೆಯುವ ಶಕ್ತಿಯನ್ನು ಕೊಟ್ಟುವು. ಅವುಗಳಿಂದಾದ ಉಪಕಾರವು ದೊಡ್ಡದು.

ಆ ಉಪಾಯದ ಸ್ವರೂಪವನ್ನು ಒಂದು ಪದದಿಂದಲೇ ತಿಳಿಯಬಹುದು. ‘ಕನ್ನಡ’ ಎಂದು ನುಡಿಯ ಫಾಂಟಿನಲ್ಲಿ ಬರೆದರೆ ಯಂತ್ರದ ನೆನಪಿನಲ್ಲಿ ನಿಲ್ಲುವುದು ಏಳು ಚಿಹ್ನೆಗಳು: ರೋಮನ್ನಿನ ದೊಡ್ಡ ಪಿ, ನೆತ್ತಿಯ ಮೇಲೆ ಗೀರುಳ್ಳ ಎ, ಪೌಂಡು ನಾಣ್ಯದ ಗುರುತು, ಪುನಃ ಅದೇ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಪುನಃ ಎ. ಇಲ್ಲಿ ಪಿ ಎಂಬುದು ಕಕಾರದ ಒಡಲು. ಗೀರುಳ್ಳ ಎ ಎಂಬುದು ತಲೆಕಟ್ಟು. ಜರ್ಮನರ ಅಕ್ಷರವು ನಕಾರದ ಒತ್ತು. ಅಚ್ಚುಕೂಟದಲ್ಲಿ ಒಡಲು, ತಲೆಕಟ್ಟು, ಒತ್ತುಗಳ ಮೊಳೆಗಳನ್ನು ಬೇರೆ ಬೇರೆಯಾಗಿ ಎರಕಹೊಯ್ದು ಜೋಡಿಸುತ್ತಿದ್ದ ಕ್ರಮವೇ ಇದು. ಕಾಗದಕ್ಕೆ ಅದು ಸಾಕಾಗಿದ್ದಿತು, ಏಕೆಂದರೆ ಕಾಗದದ ಮೇಲಿನ ಅಕ್ಷರವನ್ನು ಓದುವುದು ಕಣ್ಣು ಮಾತ್ರ. ಜಾಲದಲ್ಲಾದರೋ ಅಕ್ಷರವನ್ನು ಕಣ್ಣಿಗಿಂತ ಮೊದಲು ಯಂತ್ರವು ಓದುವುದು. ಹುಡುಕುವ ಯಂತ್ರ, ವಿಂಗಡಿಸುವ ಯಂತ್ರ, ಅಂಧರಿಗೆ ಓದಿ ಹೇಳುವ ಯಂತ್ರ, ಇವೆಲ್ಲವೂ ನೋಡುವುದು ರೂಪವನ್ನಲ್ಲ, ಸಂಖ್ಯೆಯನ್ನು. ಅವುಗಳ ಪಾಲಿಗೆ ಆ ಪುಟದಲ್ಲಿ ಕನ್ನಡವೇ ಇರಲಿಲ್ಲ.

ಇಂತಹ ಬರಹವನ್ನು ಜಾಲಪುಟದಲ್ಲಿ ಇಡುವಾಗ ಫಾಂಟ್ ಗುರುತಿನಲ್ಲಿ ಫಾಂಟಿನ ಹೆಸರನ್ನು ಬರೆಯುತ್ತಿದ್ದರು. ಆ ಫಾಂಟು ಯಂತ್ರದಲ್ಲಿದ್ದವನಿಗೆ ಕನ್ನಡವು ಕಾಣುತ್ತಿದ್ದಿತು. ಇಲ್ಲದವನಿಗೆ ಪೌಂಡು ಗುರುತುಗಳೂ ಗೀರುಳ್ಳ ಸ್ವರಗಳೂ ತುಂಬಿದ ಗೊಂದಲವು ಕಾಣುತ್ತಿದ್ದಿತು. ಓದುವ ಮೊದಲು ಈ ಫಾಂಟನ್ನು ಇಳಿಸಿಕೊಳ್ಳಿರೆಂಬ ಸೂಚನೆಯು ಆ ಕಾಲದ ಕನ್ನಡ ತಾಣಗಳ ಬಾಗಿಲಲ್ಲಿ ವಾಡಿಕೆಯಾಗಿದ್ದಿತು. ಒಂದೊಂದು ತಂತ್ರಾಂಶದಲ್ಲಿ ತುಂಡುಗಳ ಹಂಚಿಕೆ ಒಂದೊಂದು ಬಗೆಯಾಗಿದ್ದುದರಿಂದ ಒಂದು ತಾಣದ ಫಾಂಟು ಇನ್ನೊಂದಕ್ಕೆ ಒದಗುತ್ತಿರಲಿಲ್ಲ. ಪುಟದೊಡನೆ ಫಾಂಟು ತಾನಾಗಿ ಬರುವ ಇ.ಒ.ಟಿ. ಮಾರ್ಗವನ್ನು ಕೆಲವರು ಹಿಡಿದರಾದರೂ ಅದು ಒಂದೇ ಬ್ರೌಸರಿಗೆ ಸಲ್ಲುವ ನಾಣ್ಯವಾಗಿದ್ದಿತು.

ಶೈಲಿಪತ್ರದ ತತ್ತ್ವವು ಇಲ್ಲಿ ಒರೆಗೆ ಬಂದಿತು. ಉಡುಗೆಯನ್ನು ತೆಗೆದರೂ ಒಡಲು ಉಳಿಯಬೇಕೆಂಬುದು ಆ ತತ್ತ್ವ. ಈ ಪುಟಗಳಲ್ಲಿ ಉಡುಗೆಯನ್ನು ತೆಗೆದರೆ ಉಳಿಯುವುದಕ್ಕೆ ಒಡಲೇ ಇರಲಿಲ್ಲ. ಝೆನ್ ಗಾರ್ಡನ್ನಿನ ಕಲಾವಿದರು ಒಂದೇ ಬರಹಕ್ಕೆ ಬಗೆಬಗೆಯ ಫಾಂಟುಗಳನ್ನು ತೊಡಿಸಿ ನಲಿಯುತ್ತಿದ್ದ ವರ್ಷಗಳಲ್ಲಿಯೇ, ಇಂತಹ ಕನ್ನಡ ಪುಟದಲ್ಲಿ ಬೇರೆ ರೀತಿಯ ಫಾಂಟಿನ ಹೆಸರು ಬರೆದರೆ ಸಾಕು, ಬರಹವೇ ಮಾಯವಾಗುತ್ತಿದ್ದಿತು.

೮

ಪರಿಹಾರವು ಶೈಲಿಪತ್ರದಿಂದ ಬರಲಿಲ್ಲ. ಒಡಲನ್ನು ಒದಗಿಸಿದ ಯೂನಿಕೋಡಿನಿಂದ ಬಂದಿತು. ಅದರಲ್ಲಿ ‘ಕನ್ನಡ’ ಎಂಬುದಕ್ಕೆ ಐದು ಸಂಕೇತಗಳು: ಕ, ನ, ವಿರಾಮ, ನ, ಡ. ಒತ್ತಿಗೆ ಬೇರೆ ಸಂಖ್ಯೆಯಿಲ್ಲ, ತಲೆಕಟ್ಟಿಗೆ ಸಂಖ್ಯೆಯೇ ಇಲ್ಲ. ನಕಾರವು ನಕಾರದ ಕೆಳಗೆ ಒತ್ತಾಗಿ ಇಳಿಯಬೇಕೆಂಬ ರೂಪದ ನಿಯಮವು ಓಪನ್‌ಟೈಪ್ ಎಂಬ ಹೊಸ ಬಗೆಯ ಫಾಂಟಿನೊಳಗೂ ಅದನ್ನು ನಡೆಸುವ ತಂತ್ರಾಂಶದೊಳಗೂ ಅಡಗಿರುವುದು. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿ ಎಂಬ ಕಾರ್ಯವ್ಯವಸ್ಥೆಯು ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ಜೊತೆಗೆ ತಂದಿತು. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಯೂನಿಕೋಡಿನ ಆಧಾರದ ಮೇಲೆಯೇ ಬೆಳೆಯಿತು. ಮೆಲ್ಲಮೆಲ್ಲನೆ ಪತ್ರಿಕೆಗಳ ತಾಣಗಳೂ ಈ ದಾರಿಗೆ ಬಂದುವು. ಅಂದಿನಿಂದ ಕನ್ನಡ ಪದವೊಂದನ್ನು ಜಾಲದಲ್ಲಿ ಹುಡುಕಿದರೆ ದೊರೆಯುವಂತಾಯಿತು.

ಒಡಲು ದೊರೆತ ಮೇಲೆಯೇ ಉಡುಗೆಗೆ ನಿಜವಾದ ಅರ್ಥ ಬಂದಿತು. ೨೦೧೦ರಲ್ಲಿ ಗೂಗಲ್ ಸಂಸ್ಥೆಯು ಯಾವ ಪುಟವಾದರೂ ಉಚಿತವಾಗಿ ಬಳಸಬಹುದಾದ ಜಾಲಫಾಂಟುಗಳ ಭಂಡಾರವನ್ನು ತೆರೆಯಿತು. ಕ್ರಮೇಣ ಅದರಲ್ಲಿ ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ತೀರೋ ಕನ್ನಡ ಮೊದಲಾದ ಕನ್ನಡ ಫಾಂಟುಗಳೂ ಸೇರಿದುವು. ೨೦೧೬ರಲ್ಲಿ ಒಂದೇ ಕಡತದಲ್ಲಿ ತೆಳುವಿನಿಂದ ದಪ್ಪದವರೆಗಿನ ಎಲ್ಲ ತರಗಳನ್ನೂ ಅಡಗಿಸುವ ಕ್ರಮವು ಹೊರಬಂದಿತು. ಆ ಕ್ರಮವನ್ನು ಅನುಸರಿಸಿ ೨೦೨೨ರಲ್ಲಿ ಬಂದ ಅನೇಕ್ ಕನ್ನಡವು ದಪ್ಪದಲ್ಲಿಯೂ ಅಗಲದಲ್ಲಿಯೂ ಹಿಗ್ಗಿ ಕುಗ್ಗಬಲ್ಲುದು.

ಆದರೂ ಈ ಉಡುಗೆಯನ್ನು ಮೊದಲು ಕತ್ತರಿಸಿದುದು ರೋಮನ್ ಲಿಪಿಯ ಅಳತೆಗೆ ಎಂಬುದನ್ನು ಮರೆಯಲಾಗದು. ಶೈಲಿಪತ್ರದಲ್ಲಿ ಅಕ್ಷರಗಳನ್ನು ದೊಡ್ಡಕ್ಷರಗಳಾಗಿ ಮಾರ್ಪಡಿಸುವ ವಿಧಿಯುಂಟು. ಕನ್ನಡದಲ್ಲಿ ಅದಕ್ಕೆ ಕೆಲಸವಿಲ್ಲ. ಒತ್ತಿ ಹೇಳುವುದಕ್ಕೆ ಓರೆಯಕ್ಷರವು ಇಂಗ್ಲಿಷಿನ ಸಂಪ್ರದಾಯ. ಕನ್ನಡದ ಫಾಂಟಿನಲ್ಲಿ ಓರೆರೂಪವಿಲ್ಲದಿದ್ದರೆ ಬ್ರೌಸರು ನೇರವಾದ ಅಕ್ಷರವನ್ನೇ ವಾಲಿಸಿ ನಿಲ್ಲಿಸುವುದು, ಗುಂಡಾದ ಕನ್ನಡದಕ್ಷರಗಳು ಗಾಳಿಗೆ ಸಿಕ್ಕಂತೆ ಕಾಣುವುವು. ರೋಮನ್ ಅಕ್ಷರಕ್ಕೆ ಸಾಕಾಗುವಷ್ಟು ಪಂಕ್ತಿಯ ಎತ್ತರವನ್ನು ಕೊಟ್ಟರೆ ಕನ್ನಡದ ಒತ್ತಕ್ಷರಗಳು ಕೆಳಗಿನ ಪಂಕ್ತಿಯ ಗುಡಿಸುಗಳನ್ನು ತಾಕುವುವು. ಅಕ್ಷರಗಳ ನಡುವೆ ತೆರಪನ್ನು ಹೆಚ್ಚಿಸುವ ವಿಧಿಯಲ್ಲಿ, ಪರಿಚ್ಛೇದದ ಮೊದಲಕ್ಷರವನ್ನು ದೊಡ್ಡದು ಮಾಡುವ ವಿಧಿಯಲ್ಲಿ, ‘ಅಕ್ಷರ’ವೆಂದರೆ ಒಂದು ಸಂಕೇತವೋ, ಸ್ವರದೊಡನೆ ಒತ್ತುಗಳೊಡನೆ ಕೂಡಿದ ಪೂರ್ಣಾಕ್ಷರವೋ ಎಂಬ ಪ್ರಶ್ನೆಯೇಳುವುದು, ‘ಸ್ತ್ರೀ’ ಎಂಬಲ್ಲಿ ಸಕಾರವನ್ನು ಮಾತ್ರ ದೊಡ್ಡದು ಮಾಡಲು ಹೊರಡುವುದು ಅಕ್ಷರಕ್ಕೆ ಮಾಡಿದ ಅಪಚಾರವಾಗುವುದು. ಪಂಕ್ತಿಯ ಎತ್ತರವನ್ನು ಹೆಚ್ಚಿಸುವುದು, ಓರೆಯ ಬದಲು ದಪ್ಪವನ್ನೋ ಬಣ್ಣವನ್ನೋ ಬಳಸುವುದು, ಪುಟದ ಭಾಷೆ ಕನ್ನಡವೆಂದು ಗುರುತಿನಲ್ಲಿ ಸ್ಪಷ್ಟವಾಗಿ ಹೇಳುವುದು, ಇವೆಲ್ಲ ಸಾಮಾನ್ಯ ಪರಿಹಾರಗಳು. ಇವುಗಳಿಗೆ ಬೇಕಾದ ವಿಧಿಗಳು ಸಿ.ಎಸ್.ಎಸ್. ಮತ್ತು ಎಚ್.ಟಿ.ಎಂ.ಎಲ್.ಗಳಲ್ಲಿಯೇ ಉಂಟು. ಬಳಸುವವರ ಲಕ್ಷ್ಯವೊಂದು ಬೇಕು.

೯

ಹಳೆಯ ಪುಟಗಳ ಗತಿಯೇನಾಯಿತು? ಒಂದು ದಶಕಕ್ಕೂ ಹೆಚ್ಚು ಕಾಲ ಕನ್ನಡಿಗರು ರೋಮನ್ ಸಂಖ್ಯೆಗಳ ಮರೆಯಲ್ಲಿ ಕಥೆ, ಕವನ, ಪತ್ರಿಕೆ, ಪಠ್ಯ, ಕಛೇರಿಯ ಕಾಗದಗಳನ್ನು ಬರೆದಿಟ್ಟರು. ಅವನ್ನು ಯೂನಿಕೋಡಿಗೆ ತಿರುಗಿಸುವ ಉಪಕರಣಗಳು ಬಂದಿವೆ. ಆದರೆ ತಿರುಗಿಸಬೇಕಾದರೆ ಮೂಲವು ಯಾವ ಫಾಂಟಿನಲ್ಲಿದ್ದಿತೆಂಬುದು ಮೊದಲು ತಿಳಿಯಬೇಕು. ಪೌಂಡು ಗುರುತು ಒಂದು ಫಾಂಟಿನಲ್ಲಿ ನಕಾರವಾದರೆ ಇನ್ನೊಂದರಲ್ಲಿ ಬೇರೆ ಏನೋ ಆಗಿರಬಹುದು. ಜಾಲಪುಟದಲ್ಲಿ ಅದನ್ನು ಹೇಳುವ ನೇರವಾದ ಸಾಕ್ಷಿಯೆಂದರೆ ಫಾಂಟ್ ಗುರುತಿನಲ್ಲಿ ಬರೆದ ಆ ಹೆಸರು. ಪ್ರಮಾಣಸಂಸ್ಥ��ಯು ೧೯೯೭ರಲ್ಲಿ ತ್ಯಾಜ್ಯವೆಂದು ಸಾರಿದ ಗುರುತು, ಶೈಲಿಪತ್ರದ ಪಕ್ಷದವರು ಕಸವೆಂದು ಗುಡಿಸಿದ ಗುರುತು, ಕನ್ನಡದ ಆ ಬರಹಗಳ ಪಾಲಿಗೆ ಬೀಗದ ಕೈಯಾಗಿ ಉಳಿದಿದೆ. ಪುಟವನ್ನು ಶುದ್ಧಿಗೊಳಿಸುವ ಉತ್ಸಾಹದಲ್ಲಿ ಅದನ್ನು ಅಳಿಸಿದರೆ ಒಳಗಿನ ಬರಹವು ಒಗಟಾಗುವುದು. ಶಾಸನದ ಕಲ್ಲನ್ನು ತೊಳೆಯುವವನು ಯಾವುದು ಕೊಳೆ, ಯಾವುದು ಅಕ್ಷರವೆಂದು ಅರಿತು ತೊಳೆಯಬೇಕಾದಂತೆ ಇಲ್ಲಿಯೂ ಎಚ್ಚರವು ಆವಶ್ಯಕ.

ಅಂತಹ ಕಡತಗಳು ಇನ್ನೂ ಅನೇಕ ಸಂಘಗಳ, ಗ್ರಂಥಾಲಯಗಳ, ಲೇಖಕರ ಹಳೆಯ ಯಂತ್ರಗಳಲ್ಲಿ ಬಿದ್ದಿವೆ. ಫಾಂಟಿನ ಹೆಸರು ನೆನಪಿರುವವರು ಇರುವಾಗಲೇ, ಕಡತದ ಪಕ್ಕದಲ್ಲಿ ಅದನ್ನು ಬರೆದಿಟ್ಟು, ಬರಹವನ್ನು ಯೂನಿಕೋಡಿಗೆ ತಿರುಗಿಸಿ, ಒಬ್ಬ ಕನ್ನಡ ಬಲ್ಲವನು ಮೂಲದೊಡನೆ ಹೋಲಿಸಿ ತಿದ್ದುವುದು ಮಾಡತಕ್ಕ ಕೆಲಸ. ಅದಾದ ಬಳಿಕ ಯಾವ ಮೊಳೆ, ಎಷ್ಟು ಗಾತ್ರ, ಯಾವ ಬಣ್ಣ ಎಂಬುದನ್ನು ಶೈಲಿಪತ್ರವು ನೋಡಿಕೊಳ್ಳುವುದು. ಅದರಲ್ಲಿ ಕೊನೆಯ ಮಾತನ್ನು ಆಡುವ ಹಕ್ಕು ಮುಂದೆ ಬರುವ ವಾಚಕನಿಗೂ ಇರುವುದು.